ತಪಾಸಣೆ ಮೇಜಿನ ಹೇಳಿಕೆ ವಾಕ್ಯ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಮರುದಿನವೇ ನಾನು ಹರಿಹರದ ಬಸ್ಸು ಹತ್ತಿದೆ. ಬೇಸಿಗೆ ರಜೆಯೆಂದರೆ ದಾವಣಗೆರೆಯ ವಿನೋಬನಗರದ ನಮ್ಮ ಮನೆಯಲ್ಲಿ ಹಪ್ಪಳ ಒತ್ತುವ ಕಾಲ. ಈ ಸಲ ಆ ಕೆಲಸವನ್ನು ಅತ್ತೆಯವರಿಗೆ ಬಿಟ್ಟು, ಪಂಪುಗಳಿಗೆ ನಟ್ಟು, ಬುಶ್ ಎಂಬ ಲೋಹದ ಬಳೆ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಆರು ವಾರ ಇಂಗ್ಲಿಷ್ ಹೇಳಿಕೊಡಲು ಒಪ್ಪಿಕೊಂಡಿದ್ದೆ. ಕಾರ್ಖಾನೆಯ ಯಜಮಾನರ ಮಗಳು ಹಿಂದೆ ನನ್ನ ವಿದ್ಯಾರ್ಥಿನಿ. ಆ ಪರಿಚಯದಿಂದಲೇ ಅವರು ನನ್ನನ್ನು ಕರೆಸಿದ್ದರು.

ಯಜಮಾನರು ವಿಷಯವನ್ನು ನಿಂತಲ್ಲೇ ಹೇಳಿದರು. "ತಪಾಸಣೆ ಮೇಜಿನಾಗೆ ಹನ್ನೊಂದು ಜನ ಹೆಣ್ಮಕ್ಕಳು ಅದಾರೆ ಮೇಡಂ. ಕಣ್ಣು, ಕೈ ಎರಡೂ ಚೊಕ್ಕ. ಆದ್ರೆ ಹೊಸ ಗಿರಾಕಿ ಕಂಪನಿಯೋರದು ಒಂದೇ ಹಟ. ಮಾಲು ನೋಡಿದೋರೇ ವರದಿ ಬರೀಬೇಕು, ಇಂಗ್ಲಿಷಿನಾಗೆ ಬರೀಬೇಕು, ಸಹಿ ಹಾಕ್ಬೇಕು. ಮೇ ಕೊನೇ ವಾರ ಅವರ ಕಡೆಯಿಂದ ಒಬ್ರು ಬಂದು ಪರೀಕ್ಷೆ ಮಾಡ್ತಾರೆ."

"ಪಾಸಾಗದಿದ್ದರೆ?"

"ಮೇಜಿಗೆ ಹೊರಗಿನಿಂದ ಡಿಪ್ಲೊಮಾ ಓದಿದೋರು ಬರ್ತಾರೆ. ಇವ್ರು ಪ್ಯಾಕಿಂಗ್‌ಗೆ ಹೋಗ್ತಾರೆ. ಅಲ್ಲಿ ಗುತ್ತಿಗೆ ಕೆಲಸ. ಇವತ್ತು ಐತೆ, ನಾಳೆ ಇಲ್ಲ."

ಇದುವರೆಗೆ ಅಲ್ಲಿನ ಪದ್ಧತಿ ಬೇರೆಯೇ ಇತ್ತು. ಹೆಂಗಸರು ಪೀಸನ್ನು ನೋಡಿ ಮೇಲ್ವಿಚಾರಕರಿಗೆ ತೋರಿಸುತ್ತಿದ್ದರು. ತೀರ್ಮಾನ ಮಾಡಿ ಪುಸ್ತಕದಲ್ಲಿ ಬರೆಯುತ್ತಿದ್ದವರು ಅವರು. ಹದಿನೈದು ವರ್ಷ ಆ ಮೇಜಿನಲ್ಲಿ ಕೂತವರೂ ಒಂದು ಅಕ್ಷರ ಬರೆದಿರಲಿಲ್ಲ. ಎಲ್ಲರೂ ಎಸ್ಸೆಸ್ಸೆಲ್ಸಿ ತನಕ ಓದಿದವರು. ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಪದಗಳೂ ಸಾಕಷ್ಟು ಬರುತ್ತಿದ್ದವು. ಕ್ರ್ಯಾಕ್, ಹೋಲ್, ಟೈಟ್, ಲೂಸ್ ಎಲ್ಲ ಅವರ ದಿನದ ಮಾತಿನಲ್ಲೇ ಇದ್ದವು. ಬಾರದ್ದು ವಾಕ್ಯ.

ಮೊದಲ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು. ಎರಡೂವರೆಗೆ ಕ್ಯಾಂಟೀನಿನಲ್ಲಿ ನನ್ನ ತರಗತಿ. ತಗಡಿನ ಮಾಡು, ಮೇಲೆ ಬಿಸಿಲು, ಫ್ಯಾನು ತಿರುಗಿದರೆ ಬಿಸಿಗಾಳಿ. ನಾನು ಶಾಲೆಯಲ್ಲಿ ಮಾಡುವಂತೆಯೇ ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು ವಾಕ್ಯಗಳಲ್ಲಿ ನಾಲ್ಕು ವಿಧ ಎಂದು ಶುರು ಮಾಡಿದೆ. ಸಂಗತಿಯನ್ನು ತಿಳಿಸುವುದು ಡಿಕ್ಲರೇಟಿವ್, ಅಂದರೆ ಹೇಳಿಕೆ ವಾಕ್ಯ. ಕೇಳುವುದು ಪ್ರಶ್ನೆ. ಮಾಡು ಎನ್ನುವುದು ಆಜ್ಞೆ. ಅಬ್ಬಾ ಎನ್ನುವುದು ಉದ್ಗಾರ. ಹನ್ನೊಂದು ಜನರೂ ಅಂದವಾಗಿ ಬರೆದುಕೊಂಡರು. ಒಂದೇ ವಾರದಲ್ಲಿ ನಾಲ್ಕೂ ವ್ಯಾಖ್ಯೆಗಳನ್ನು ಗಿಣಿಯಂತೆ ಒಪ್ಪಿಸಿದರು. ಕಾರ್ಖಾನೆಯ ಗುಣಮಟ್ಟದ ಮ್ಯಾನೇಜರ್ ಪುಣೆಯ ಕಡೆಯವರು, ಕನ್ನಡ ಬಾರದು. 'ಗುಡ್ ಮಾರ್ನಿಂಗ್', 'ಮೇ ಐ ಕಮಿನ್' ಎಲ್ಲ ಕಲಿಸಿ ಎಂದು ಅವರು ಒಂದು ಪಟ್ಟಿ ಕೊಟ್ಟಿದ್ದರು. ಎರಡನೇ ವಾರ ಅದನ್ನೂ ಮುಗಿಸಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ವಾರದ ಕೊನೆಗೆ ಒಂದು ಪೂರ್ವಪರೀಕ್ಷೆ ಇಟ್ಟೆವು. ಪ್ರತಿಯೊಬ್ಬರ ಮುಂದೆ ನಿಜವಾದ ಮಾಲಿನ ಒಂದೊಂದು ಟ್ರೇ. ನೋಡಿ ಒಂದು ಚೀಟಿ ಬರೆದಿಡಬೇಕು. ಎಲ್ಲರಿಗಿಂತ ಹಿರಿಯಳಾದ ಮಲೆಬೆನ್ನೂರಿನ ಅಕ್ಕನಿಗೆ ಬಂದದ್ದು ನಲವತ್ತು ಬುಶ್‌ಗಳ ಟ್ರೇ. ಅವುಗಳ ತೂತು ಅಳತೆಗಿಂತ ದೊಡ್ಡದಾಗಿದೆಯೇ ಎಂದು ನೋಡುವುದು ಕೆಲಸ. ಆಕೆ ಒಂದೊಂದನ್ನೂ ಅಳೆದು, ಚೀಟಿ ಬರೆದಿಟ್ಟು ಮಲೆಬೆನ್ನೂರಿನ ಬಸ್ಸಿಗೆ ಓಡಿದಳು. 

ಮರುದಿನ ನಾನು ಹೋದಾಗ ಆಕೆ ಗೇಟಿನ ಹತ್ತಿರವೇ ನಿಂತಿದ್ದಳು. ಮುಖ ಕಂದಿತ್ತು.

"ನಲವತ್ತೂ ಪೀಸು ಕೆಂಪು ಡಬ್ಬಿಗೆ ಹಾಕ್ಯಾರ್ರಿ ಮೇಡಂ. ಬೆಳಿಗ್ಗೆ ಗುಜರಿ ಗಾಡಿ ಒಯ್ದೂಬಿಡ್ತು. ನಾನು ಚಲೋ ಅದಾವೆ ಅಂತ ಬರೆದಿದ್ದೆ. ಅವ್ರು ಕೆಟ್ಟದಾವೆ ಅಂತ ಓದಿದ್ರು."

ಚೀಟಿ ಮ್ಯಾನೇಜರ್ ಕೈಯಲ್ಲಿತ್ತು. ಅದರಲ್ಲಿದ್ದದ್ದು 'ಹೋಲ್ ಬಿಗ್ ನೋ' ಎಂಬ ಮೂರು ಪದ. ತೂತು ದೊಡ್ಡದಿಲ್ಲ ಎಂಬ ಕನ್ನಡವನ್ನು ಆಕೆ ಪದಕ್ಕೆ ಪದ ಇಟ್ಟು ಬರೆದಿದ್ದಳು. ಮ್ಯಾನೇಜರ್ ಅದನ್ನು ತೂತು ದೊಡ್ಡದು, ಬೇಡ ಎಂದು ಓದಿದ್ದರು. ಕನ್ನಡ ಬಲ್ಲ ನನಗೆ ಆಕೆಯದು ಸರಿ ಅನ್ನಿಸಿತು. ಬಾರದ ಅವರ ಜಾಗದಲ್ಲಿ ನಿಂತು ಓದಿದಾಗ ಅವರದೂ ಸರಿಯೇ.

"ಮೇಡಂ, ನಾಲ್ಕು ವಿಧ ಇವರಿಗೆ ಬಾಯಿಪಾಠ ಬರುತ್ತದೆ, ಒಂದು ವಿಧವೂ ಬರೆಯಲು ಬರುವುದಿಲ್ಲ" ಎಂದು ಮ್ಯಾನೇಜರ್ ಇಂಗ್ಲಿಷಿನಲ್ಲಿ ಹೇಳಿದರು. ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು. ಆ ವಾರವೇ ಹೊರಗಿನವರನ್ನು ಗೊತ್ತು ಮಾಡೋಣ ಎಂದು ಅವರು ಯಜಮಾನರಿಗೆ ಸೂಚಿಸಿದರು. ಯಜಮಾನರು ನನ್ನ ಮುಖ ನೋಡಿ, "ಇನ್ನೊಂದು ವಾರ ನೋಡಾಣ" ಎಂದರು.

ಸಂಜೆ ಮನೆಯಲ್ಲಿ ಹನ್ನೊಂದು ಚೀಟಿಗಳನ್ನೂ ಹಪ್ಪಳದ ಮಣೆಯ ಮೇಲೆ ಹರಡಿಕೊಂಡು ಕೂತೆ. ಎರಡು ಸಂಗತಿ ಕಣ್ಣಿಗೆ ಹೊಡೆದವು. ಒಂದು, 'ಈಸ್' ಎಂಬ ಪದ ಹತ್ತು ಚೀಟಿಗಳಲ್ಲಿ ಇರಲೇ ಇಲ್ಲ. ಎರಡನೆಯದು ನನಗೆ ಅರ್ಥವೇ ಆಗಲಿಲ್ಲ. ಏಳು ಜನ ವಾಕ್ಯದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. 'ಪೀಸ್ ಕ್ರ್ಯಾಕ್?' 'ಥ್ರೆಡ್ ಟೈಟ್?'

ಮರುದಿನ ಕೇಳಿದೆ. "ಬಿರುಕು ನೀವೇ ಕಣ್ಣಾರೆ ನೋಡಿದ್ದೀರಿ. ಮತ್ತೆ ಪ್ರಶ್ನೆ ಯಾಕೆ?"

ಮಲೆಬೆನ್ನೂರಿನ ಅಕ್ಕ ಹೇಳಿದಳು. "ಪ್ರಶ್ನೆ ಚಿಹ್ನೆ ಹಾಕಿದ್ರೆ ತೀರ್ಮಾನ ಸಾಹೇಬ್ರದಾಗ್ತೈತಲ್ರಿ ಮೇಡಂ. ಚುಕ್ಕಿ ಇಟ್ರೆ ನಮ್ದಾಗ್ತೈತೆ."

ಪೂರ್ಣವಿರಾಮಕ್ಕೂ ಪ್ರಶ್ನಾರ್ಥಕಕ್ಕೂ ಇರುವ ವ್ಯತ್ಯಾಸವನ್ನು ಅಷ್ಟು ಚೊಕ್ಕವಾಗಿ ನನ್ನ ಯಾವ ವಿದ್ಯಾರ್ಥಿಯೂ ಹೇಳಿದ್ದಿಲ್ಲ. ನಾನೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವರಿಗೆ ಬಾರದ್ದು ವ್ಯಾಕರಣ ಮಾತ್ರ ಎಂದು ತಿಳಿದು ನಾನು ಎರಡು ವಾರ ಕಳೆದಿದ್ದೆ.

'ಈಸ್' ಸಮಸ್ಯೆ ಬಿಡಿಸಿದವಳು ಬೇರೊಬ್ಬಳು. ಆನೆಕೊಂಡದಲ್ಲಿ ದರ್ಜಿಗಳ ಮನೆಯ ಸೊಸೆ, ಮೂವತ್ತರ ಆಸುಪಾಸು, ಮನೆಯಲ್ಲಿ ಉರ್ದು, ಹೊರಗೆ ಕನ್ನಡ. ದಿನವೂ ದಾವಣಗೆರೆಯಿಂದ ಹರಿಹರಕ್ಕೆ ಹೋಗಿಬರುವವಳು, ಸಂಜೆ ನನ್ನ ಜೊತೆಯಲ್ಲೇ ಮರಳುತ್ತಿದ್ದಳು. 'ಈಸ್' ಬಿಡದೆ ಬರೆದ ಒಂದೇ ಒಂದು ಚೀಟಿ ಅವಳದು. ಬಸ್ಸಿನಲ್ಲಿ ಪಕ್ಕ ಕೂತಾಗ ಕೇಳಿದೆ.

"ಎಲ್ಲರೂ ಬಿಡೋ ಪದ ನಿನಗೊಬ್ಬಳಿಗೆ ಹೇಗೆ ನೆನಪಿತ್ತಮ್ಮಾ?"

ಅವಳು ನಕ್ಕಳು. "ನೆನಪೇನಿಲ್ಲ ಮೇಡಂ. ನಾನು ಮನಸಿನಾಗೆ ನಮ್ಮ ಭಾಷೆನಾಗೆ ಅಂದ್ಕಂಡು ಬರೀತೀನಿ. 'ಯೇ ನಟ್ ಹೈ.' ಆ 'ಹೈ' ಐತಲ್ರಿ, ಅದಕ್ಕೆ ಒಂದು ಪದ ಬೇಕೇ ಬೇಕು. ಕನ್ನಡದಾಗೆ 'ಇದು ನಟ್ಟು' ಅಂದ್ರೆ ಮುಗೀತು. ಅಲ್ಲಿ 'ಹೈ' ಎಲ್ಲೈತ್ರಿ?"

ಬಸ್ಸು ದಾವಣಗೆರೆ ಮುಟ್ಟುವ ತನಕ ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತ ಬಂದೆ. ಇದು ನಟ್ಟು. ಅವರು ಮೇಷ್ಟ್ರು. ಮನೆ ದೊಡ್ಡದು. ನಮ್ಮ ಮಾತು ಎರಡು ಪದದಲ್ಲಿ ನಿಂತುಬಿಡುತ್ತದೆ, ಏನೂ ಕೊರತೆ ಅನ್ನಿಸುವುದಿಲ್ಲ. ಇಂಗ್ಲಿಷ್ ಹಾಗೆ ನಿಲ್ಲುವುದಿಲ್ಲ. ನನ್ನ ಶಾಲೆಯ ಮಕ್ಕಳು ವರ್ಷಗಟ್ಟಲೆ 'ಈಸ್' ನುಂಗಿದ್ದನ್ನು ನಾನು ಬರೀ ಅಲಕ್ಷ್ಯವೆಂದು ಕೆಂಪು ಗೆರೆ ಎಳೆದಿದ್ದೆ.

ಮಾರನೆಯ ಬೆಳಿಗ್ಗೆ ಬೇಗ ಹೋಗಿ ಯಜಮಾನರನ್ನೂ ಮ್ಯಾನೇಜರನ್ನೂ ಒಟ್ಟಿಗೆ ಕಂಡೆ. ಹೇಳಬೇಕಾದ್ದನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಪುಸ್ತಕ ಕೈಬಿಡುತ್ತೇನೆ. ನಮಸ್ಕಾರ, ಕುಶಲಪ್ರಶ್ನೆ ಯಾವುದೂ ಇನ್ನು ಇಲ್ಲ. ನಾಲ್ಕು ವಿಧಗಳಲ್ಲಿ ಮೂರನ್ನು ತೆಗೆದುಹಾಕುತ್ತೇನೆ. ಉಳಿದ ನಾಲ್ಕು ವಾರವೂ ಹೇಳಿಕೆ ವಾಕ್ಯ ಒಂದೇ. ತರಗತಿ ಕ್ಯಾಂಟೀನಿನಲ್ಲಿ ಬೇಡ, ತಪಾಸಣೆ ಮೇಜಿನಲ್ಲೇ, ತಿರಸ್ಕರಿಸಿದ ನಿಜವಾದ ಪೀಸುಗಳನ್ನು ಮುಂದಿಟ್ಟುಕೊಂಡು. ಇನ್ನೊಂದು ಷರತ್ತು ಮ್ಯಾನೇಜರ್‌ಗೆ. ಅವರು ದಿನಾ ಸಂಜೆ ಚೀಟಿಗಳನ್ನು ಓದಬೇಕು. ಯಾರನ್ನೂ ಏನೂ ಕೇಳಕೂಡದು. ಚೀಟಿ ಏನು ಹೇಳುತ್ತದೋ ಪೀಸಿಗೆ ಅದನ್ನೇ ಮಾಡಬೇಕು.

"ತಪ್ಪು ಬರೆದಿದ್ದರೂ?" ಎಂದರು ಮ್ಯಾನೇಜರ್.

"ತಪ್ಪು ಬರೆದಿದ್ದರೆ ತಪ್ಪನ್ನೇ ಮಾಡಿ. ಹೇಗೂ ಗುಜರಿ ಪೀಸು."

ಅವರ ಮುಖದಲ್ಲಿ ಮೊದಲ ಬಾರಿಗೆ ನಗೆ ಕಂಡಿತು. ಯಜಮಾನರು ಚಹಾ ತರಿಸಿದರು.

ಮೇಜಿನ ಮೇಲೆ ಸೀಮೆಸುಣ್ಣದಿಂದ ಮೂರು ಮನೆ ಬರೆದೆ. ಮೊದಲ ಮನೆಯಲ್ಲಿ ವಸ್ತುವಿನ ಹೆಸರು, ನಡುವಿನದರಲ್ಲಿ 'ಈಸ್', ಮೂರನೆಯದರಲ್ಲಿ ಅದು ಹೇಗಿದೆ ಎಂಬುದು. ಪೀಸನ್ನು ಕೈಯಲ್ಲಿ ಹಿಡಿದು, ಬೆರಳನ್ನು ಮನೆಯಿಂದ ಮನೆಗೆ ಸರಿಸುತ್ತ ಹೇಳಬೇಕು. 'ದ ಹೋಲ್ ಈಸ್ ಬಿಗ್.' ಇಲ್ಲ ಎನ್ನುವುದಾದರೆ 'ನಾಟ್' ಬಂದು 'ಈಸ್' ಪಕ್ಕಕ್ಕೆ ಕೂರುತ್ತದೆ. ಕನ್ನಡದ 'ಇಲ್ಲ'ದ ಹಾಗೆ ಕೊನೆಗೆ ಹೋಗಿ ನಿಲ್ಲುವುದಿಲ್ಲ. 'ದ ಹೋಲ್ ಈಸ್ ನಾಟ್ ಬಿಗ್.' ಮಲೆಬೆನ್ನೂರಿನ ಅಕ್ಕ ಆ ವಾಕ್ಯವನ್ನು ಹತ್ತು ಸಲ ಬರೆದಳು. ಯಾರೂ ಬರೆಯಲು ಹೇಳಿರಲಿಲ್ಲ.

ಎಲ್ಲ ಸಲೀಸಾಗಿ ಹೋಯಿತೆಂದಲ್ಲ. ಮೂರನೇ ದಿನಕ್ಕೆ 'ಈಸ್' ಅತಿಯಾಯಿತು. ಎಲ್ಲ ಚೀಟಿಯಲ್ಲೂ 'ದ ಪೀಸ್ ಈಸ್ ಎ ಕ್ರ್ಯಾಕ್'. ಪೀಸಿನಲ್ಲಿ ಬಿರುಕು ಇದೆ ಎನ್ನಲು ಹೋಗಿ ಪೀಸೇ ಬಿರುಕು ಎಂದಂತಾಗಿತ್ತು. ಇಲ್ಲಿ 'ಹ್ಯಾಸ್' ಬರಬೇಕು ಎಂದೆ.

ಆನೆಕೊಂಡದವಳು ಪೆನ್ನು ಕೆಳಗಿಟ್ಟಳು. "ಇದ್ಯಾವ ನ್ಯಾಯ ಮೇಡಂ? ಐತೆ ಅಂದ್ರೆ 'ಈಸ್' ಅಂದ್ರಿ. ಈಗ ಐತೆ ಅಂದ್ರೆ 'ಹ್ಯಾಸ್' ಅಂತೀರಿ. ಯಾವ ಐತೆಗೆ ಯಾವುದು ಅಂತ ಗೊತ್ತಾಗೋದು ಹೆಂಗೆ?"

ಅವಳ 'ಹೈ' ಕೂಡ ಇಲ್ಲಿ ನೆರವಿಗೆ ಬರಲಿಲ್ಲ, ಅದಕ್ಕೂ ಎರಡೂ ಅರ್ಥ. ಪುಸ್ತಕದ ನಿಯಮ ನನಗೆ ಗೊತ್ತಿತ್ತು, ಆದರೆ ಆ ಭಾಷೆಯಲ್ಲಿ ಹೇಳಿದರೆ ಮತ್ತೆ ಕ್ಯಾಂಟೀನಿಗೇ ಹೋದಂತೆ. ಒಂದು ದಿನ ಗಡುವು ಕೇಳಿದೆ. ಮರುದಿನ ಇಬ್ಬರನ್ನು ಎದುರುಬದುರು ಕೂರಿಸಿ ಅವರ ಮಾತಿನಲ್ಲೇ ಆಡಿಸಿದೆ. ಒಬ್ಬಳು ಪೀಸು ಹಿಡಿದು ಕೇಳಬೇಕು. "ಪೀಸು ಹೆಂಗೈತೆ?" ಅದಕ್ಕೆ ಬರುವ ಉತ್ತರ ಬಿಗಿ, ಸಡಿಲ, ದೊಡ್ಡದು, ಸಣ್ಣದು. ಅದೆಲ್ಲ 'ಈಸ್'. "ಪೀಸಿನಾಗೆ ಏನೈತೆ?" ಅದಕ್ಕೆ ಉತ್ತರ ಬಿರುಕು, ತುಕ್ಕು, ಗೀರು. ಅದೆಲ್ಲ 'ಹ್ಯಾಸ್'. ಹೆಂಗೈತೆ, ಏನೈತೆ. ಅರ್ಧ ಗಂಟೆಯಲ್ಲಿ ಮೇಜಿನ ತುಂಬ ಅದೇ ಗಲಾಟೆ. ಪೀಸುಗಳನ್ನು ಕಡೆಯುವ ಲೇತ್ ವಿಭಾಗದವರು ಯಂತ್ರ ಬಿಟ್ಟು ಬಂದು ಇಣುಕಿ ಹೋದರು.

ಮ್ಯಾನೇಜರ್ ಷರತ್ತು ಪಾಲಿಸಿದರು, ಕಟ್ಟುನಿಟ್ಟಾಗಿ. ಒಬ್ಬಳು ಕ್ರಿಯಾಪದ ಬಿಟ್ಟು 'ದಿಸ್ ಪೀಸ್ ರಸ್ಟ್' ಎಂದು ಬರೆದ ದಿನ, ಪೀಸನ್ನು ಪಾಸಾದ ಮಾಲಿನ ಹಸಿರು ಟ್ರೇಗೂ ಕೆಂಪು ಡಬ್ಬಿಗೂ ಹಾಕದೆ ನಟ್ಟನಡುವೆ ನೆಲದ ಮೇಲೆ ಇಟ್ಟು ಹೋಗಿದ್ದರು. ಚೀಟಿ ಏನನ್ನೂ ಹೇಳುತ್ತಿಲ್ಲ, ಹಾಗಾಗಿ ಪೀಸು ಎಲ್ಲಿಗೂ ಹೋಗುವುದಿಲ್ಲ. ಬರೆದವಳು ಅದನ್ನು ನೋಡಿ ಹಣೆ ಚಚ್ಚಿಕೊಂಡು ನಕ್ಕಳು. ನಾನು ಬೋರ್ಡಿನ ಮುಂದೆ ಒಂದು ತಿಂಗಳು ಬಡಿದುಕೊಂಡರೂ ಆಗದ ಪಾಠ.

ನಾಲ್ಕನೇ ವಾರ ಮಲೆಬೆನ್ನೂರಿನ ಅಕ್ಕ ಮೂರು ದಿನ ಬರಲಿಲ್ಲ. ಬೇಸಿಗೆ ಭತ್ತದ ಕೊಯ್ಲು. ನನಗೆ ದಿಗಿಲಾಯಿತು. ಎರಡನೇ ದಿನ ಅವಳದೇ ಫೋನು. ಹಿನ್ನೆಲೆಯಲ್ಲಿ ಟ್ರ್ಯಾಕ್ಟರ್ ಸದ್ದು.

"ಮೇಡಂ, ಭತ್ತಕ್ಕೆ ಇಂಗ್ಲಿಷಿನಾಗೆ ಏನಂತಾರೆ?"

"ಪ್ಯಾಡಿ."

"ದ ಪ್ಯಾಡಿ ಈಸ್ ವೆಟ್. ಸರಿ ಐತೇನ್ರಿ?"

"ಸರಿ ಐತೆ. ಚುಕ್ಕಿ ಇಟ್ಟಿರಾ?"

"ಇಟ್ಟೀನ್ರಿ. ಚೀಲದ ಮ್ಯಾಲೆ ಇದ್ದಲಿನಾಗೆ ಬರೆದೀನಿ. ನಮ್ಮನೆಯೋರು ನೋಡಿ ಒಣಗಾಕ ಹಾಕಿದ್ರು."

ಮೇ ಕೊನೆಯ ವಾರ ಗಿರಾಕಿ ಕಂಪನಿಯಿಂದ ಬಂದವರು ಐವತ್ತು ದಾಟಿದ ಮಹಿಳೆ, ಚೆನ್ನೈಯವರು. ಮಾತು ಕಡಿಮೆ. ತಮ್ಮ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಪ್ರತಿಯೊಬ್ಬರಿಗೂ ಐದು ಪೀಸು, ಐದು ಚೀಟಿ ಹಂಚಿದರು. ನಾನು ಬಾಗಿಲ ಹತ್ತಿರ ನಿಲ್ಲಬಹುದು, ತುಟಿ ಬಿಚ್ಚುವಂತಿಲ್ಲ. ಶಾಲೆಯಲ್ಲಿ ಎಷ್ಟೋ ಪರೀಕ್ಷೆಗಳಿಗೆ ಕಾವಲು ನಿಂತಿದ್ದೇನೆ. ಪರೀಕ್ಷೆ ನನ್ನದೇ ಅನ್ನಿಸಿದ್ದು ಅಂದೇ ಮೊದಲು.

ಆನೆಕೊಂಡದವಳು ಎಲ್ಲರಿಗಿಂತ ಮೊದಲು ಮುಗಿಸಿ ಎದ್ದಳು. ಒಬ್ಬೊಬ್ಬರೇ ಚೀಟಿ ಕೊಟ್ಟರು. ಮಲೆಬೆನ್ನೂರಿನ ಅಕ್ಕ ಮಾತ್ರ ಐದನೇ ಪೀಸು ಹಿಡಿದುಕೊಂಡು ಕೂತೇ ಇದ್ದಳು. ಅದೊಂದು ನಟ್ಟು. ಅದರ ಥ್ರೆಡ್, ಎಂದರೆ ಒಳಗಿನ ತಿರುಪು ಗೆರೆಗಳು, ಸರಿಯಾದ ಅಳತೆಯಲ್ಲಿವೆಯೇ ಎಂದು ನೋಡಲು ಗೇಜ್ ಎಂಬ ಉಕ್ಕಿನ ಅಳತೆಗೋಲು ಇರುತ್ತದೆ. ಅದು ಒಳಗೆ ತಿರುಗಿ ಹೋದರೆ ನಟ್ಟು ಪಾಸು. ಆಕೆಯ ನಟ್ಟಿನೊಳಗೆ ಗೇಜು ಹೋಗುತ್ತಿತ್ತು. ಆಕೆ ಅದನ್ನು ಹೊರಗೆ ತೆಗೆದು, ಹೊಸ ಬೋಲ್ಟ್ ಒಂದನ್ನು ಬೆರಳಲ್ಲಿ ತಿರುಗಿಸಿದಳು. ಮೂರನೇ ಸುತ್ತಿಗೆ ಬೋಲ್ಟ್ ನಿಂತಿತು. ಮತ್ತೆ ಗೇಜು. ಮತ್ತೆ ಬೋಲ್ಟು. ಆಮೇಲೆ ಬಗ್ಗಿ ಬರೆಯತೊಡಗಿದಳು.

ಚೆನ್ನೈಯವರು ಚೀಟಿ ತೆಗೆದುಕೊಂಡು ಗಟ್ಟಿಯಾಗಿ ಓದಿದರು. 'ದ ಥ್ರೆಡ್ ಈಸ್ ಟೈಟ್. ದ ಗೇಜ್ ಈಸ್ ಓಲ್ಡ್. ದ ನಟ್ ಈಸ್ ನಾಟ್ ಗುಡ್.'

ಮ್ಯಾನೇಜರ್ ಮುಂದೆ ಬಂದು ತಾವೇ ಗೇಜು ಹಾಕಿದರು. ಸಲೀಸಾಗಿ ಹೋಯಿತು. ಅವರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಚೆನ್ನೈಯವರು ಕನ್ನಡಕ ಇಳಿಸಿ ಆಕೆಯನ್ನು ಕೇಳಿದರು. 'ಆರ್ ಯು ಶೂರ್?'

ಪ್ರಶ್ನೆಗಳನ್ನು ನಾನು ಕಲಿಸುವುದನ್ನೇ ಬಿಟ್ಟಿದ್ದೆ. ಆ ಪ್ರಶ್ನೆ ಆಕೆಗೆ ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಕೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಎಸ್. ದ ಗೇಜ್ ಈಸ್ ಓಲ್ಡ್." ಆಮೇಲೆ ಮ್ಯಾನೇಜರ್ ಕಡೆ ತಿರುಗಿ ನಿಧಾನವಾಗಿ, ಪದ ಪದ ಬಿಡಿಸಿ, "ದ ನಟ್ ಈಸ್ ನಾಟ್ ಗುಡ್" ಎಂದಳು.

ಉಪಕರಣಗಳ ಕೋಣೆಯಿಂದ ಹೊಸ ಗೇಜು ತರಿಸಿದರು. ಎಣ್ಣೆ ಕಾಗದ ಬಿಚ್ಚಿ, ಒರೆಸಿ, ಚೆನ್ನೈಯವರೇ ನಟ್ಟಿಗೆ ಇಟ್ಟು ತಿರುಗಿಸಿದರು. ಗೇಜಿನ ಮೂತಿ ಕಚ್ಚಿತು, ಒಳಗೆ ಹೋಗಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಹೋಗಲಿಲ್ಲ. ಹಳೆಯ ಗೇಜು ಸವೆದು ಸಣ್ಣದಾಗಿತ್ತು. ಬಿಗಿಯಾದ ನಟ್ಟಿನೊಳಗೂ ನುಸುಳಿ ಎಲ್ಲವನ್ನೂ ಪಾಸು ಮಾಡುತ್ತಿತ್ತು. ಪರೀಕ್ಷೆಗೆಂದು ಆ ಐದು ಪೀಸುಗಳನ್ನು ಆರಿಸಿಟ್ಟಿದ್ದ ಕಾರ್ಖಾನೆಯವರಿಗೂ ಇದು ಗೊತ್ತಿರಲಿಲ್ಲ. ಒಳ್ಳೆಯ ಪೀಸೆಂದೇ ಅದನ್ನು ಇಟ್ಟಿದ್ದರು.

ಚೆನ್ನೈಯವರು ಆ ಚೀಟಿಯನ್ನು ಮಡಚಿ ತಮ್ಮ ಫೈಲಿನಲ್ಲಿ ಇಟ್ಟುಕೊಂಡು, ಆಕೆಯ ಕೈ ಕುಲುಕಿದರು. ಒಂಬತ್ತು ಜನ ಅಂದೇ ಪಾಸಾದರು. ಉಳಿದಿಬ್ಬರಿಗೆ ಎರಡು ವಾರದ ಬಳಿಕ ಮರುಪರೀಕ್ಷೆ ಎಂದಾಯಿತು. ಆ ಇಬ್ಬರನ್ನು ಮೇಜಿನ ಎರಡೂ ಬದಿಗೆ ಕೂರಿಸಿಕೊಂಡು ಒಂಬತ್ತು ಜನ ಪಾಠ ಹೇಳಲು ಅವರ ಮೇಲೆ ಬಿದ್ದರು. ನನ್ನ ಅಗತ್ಯವೇ ಬೀಳಲಿಲ್ಲ. ಇಬ್ಬರೂ ಪಾಸಾದರು. ಫಲಿತಾಂಶ ಬಂದ ದಿನ ಕಾರ್ಖಾನೆಯ ಗೇಟಿನಲ್ಲಿ ಮಂಡಕ್ಕಿ, ಮಿರ್ಚಿ ಹಂಚಿದರು. ಮ್ಯಾನೇಜರ್ ಮೂರು ಮಿರ್ಚಿ ತಿಂದು ಕಣ್ಣೀರು ಸುರಿಸಿದರು.

ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಕೊನೆಯ ಸಲ ಹರಿಹರಕ್ಕೆ ಹೋದೆ. ತಪಾಸಣೆ ಮೇಜಿನ ಮುಂದೆ ಲೇತ್ ವಿಭಾಗದ ಮುಖ್ಯಸ್ಥರು ಒಂದು ಟ್ರೇ ಹಿಡಿದು ನಿಂತಿದ್ದರು. ಅವರ ವಿಭಾಗದ ಮಾಲನ್ನು ಮಲೆಬೆನ್ನೂರಿನ ಅಕ್ಕ ತಿರಸ್ಕರಿಸಿ ವರದಿ ಬರೆದಿದ್ದಳು.

"ಇಷ್ಟು ಖಡಕ್ಕಾಗಿ ಬರೆದ್ರೆ ಹೆಂಗಕ್ಕಾ? 'ಸ್ವಲ್ಪ ಬಿಗಿ ಇದ್ದಂಗೆ ಅನ್ಸುತ್ತೆ' ಅಂತ ಒಂದು ಮಾತು ಸೇರ್ಸು. ನಮ್ಮ ಮರ್ಯಾದಿನೂ ಉಳೀತೈತೆ."

"ಅನ್ಸೋದಲ್ಲ ಅಣ್ಣಾ," ಎಂದಳು ಆಕೆ, ತಲೆಯೆತ್ತದೆ. "ಐತೆ."

ಅವರು ಟ್ರೇಯ ಸಮೇತ ತಮ್ಮ ಯಂತ್ರದ ಕಡೆ ನಡೆದರು. ಆಕೆ ಮುಂದಿನ ಟ್ರೇಯನ್ನು ಹತ್ತಿರಕ್ಕೆ ಎಳೆದುಕೊಂಡಳು.